ಮಂಗಳೂರಿನ ಮಳೆಗಾಲದಲ್ಲಿ ಚರ್ಮದ ಬ್ಯಾಗುಗಳನ್ನು ಬೂಷ್ಟು ಹಿಡಿಯದಂತೆ ಇಡುವುದು ಹೇಗೆ?

ಪ್ರಶ್ನೆ — ಬಿಜೈ, ಮಂಗಳೂರು

ನಮಸ್ಕಾರ. ನಾವು ಬಿಜೈಯ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿದ್ದೇವೆ. ಆಟಿ ತಿಂಗಳಲ್ಲಿ (ತುಳುವರ ಪಂಚಾಂಗದಲ್ಲಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಮದುವೆ ಮುಂಜಿಗಳು ಇಲ್ಲದ ಕಾರಣ ಒಳ್ಳೆಯ ಬ್ಯಾಗುಗಳನ್ನು ಹೊರತೆಗೆಯುವ ಸಂದರ್ಭವೇ ಬರಲಿಲ್ಲ. ಸುಮಾರು ಮೂರು ವಾರಗಳ ಬಳಿಕ ಮೊನ್ನೆ ಮಲಗುವ ಕೋಣೆಯ ಕಪಾಟಿನ ಬಾಗಿಲು ತೆರೆದಾಗ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಒಳಗಿದ್ದ ಮೂರು ಬ್ಯಾಗುಗಳೂ ಒಂದೊಂದು ರೀತಿಯಲ್ಲಿ ಕೆಟ್ಟಿವೆ.

ಮೊದಲನೆಯದು ನನ್ನ ತಾಯಿಯದು. ಅವರು ಶಾಲಾ ಶಿಕ್ಷಕಿಯಾಗಿದ್ದರು. 1980ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ತರಬೇತಿಗೆ ಹೋಗಿದ್ದಾಗ ಲಿಡ್ಕರ್ ಮಳಿಗೆಯಿಂದ ಕೊಂಡು ತಂದ ಕಂದು ಬಣ್ಣದ, ದಪ್ಪ ಚರ್ಮದ ಬ್ಯಾಗು ಅದು. ಹಿಡಿಕೆಯ ಮೇಲೆ ಅವರ ಹೆಬ್ಬೆರಳು ಊರುತ್ತಿದ್ದ ಜಾಗವು ಇಂದಿಗೂ ಉಳಿದ ಭಾಗಕ್ಕಿಂತ ಕಪ್ಪಾಗಿ, ನುಣುಪಾಗಿ ಉಳಿದಿದೆ. ಕಾರ್ಕಳದ ಅಜ್ಜಿ ಮನೆಯ ಅಟ್ಟದಲ್ಲಿ ಮರದ ಪೆಟ್ಟಿಗೆಯೊಳಗೆ ಇಪ್ಪತ್ತು ವರ್ಷ ಇದ್ದರೂ ಅದಕ್ಕೆ ಏನೂ ಆಗಿರಲಿಲ್ಲ. ನಮ್ಮ ಮನೆಗೆ ತಂದ ಎರಡನೆಯ ಮಳೆಗಾಲಕ್ಕೇ ಅದರ ಮೈಮೇಲೆ ಹಸಿರು ಮಿಶ್ರಿತ ಬಿಳಿ ಬೂಷ್ಟು ವೃತ್ತ ವೃತ್ತವಾಗಿ ಹಬ್ಬಿದೆ, ಹಿತ್ತಾಳೆಯ ಗುಂಡಿಗಳ ಸುತ್ತ ಮೇಣದಂತಹ ಹಸಿರು ಗಸಿ ಕಟ್ಟಿದೆ. ಎರಡನೆಯದು ಅಣ್ಣ ದುಬೈಯಿಂದ ತಂದ ಕಪ್ಪು ಬ್ಯಾಗು. ಅದರ ಹೊರಮೈ ಪರವಾಗಿಲ್ಲ, ಆದರೆ ಒಳಗಿನ ಬಟ್ಟೆಯಲ್ಲೂ ಹೊಲಿಗೆಯ ಸಾಲಿನಲ್ಲೂ ಬಿಳಿ ಚುಕ್ಕೆಗಳಿವೆ. ಮೂರನೆಯದು ಇಲ್ಲಿಯೇ ಕೊಂಡ ಕೆನೆ ಬಣ್ಣದ ಬ್ಯಾಗು. ಹೆಚ್ಚೆಂದರೆ ಹತ್ತು ಸಲ ಬಳಸಿರಬಹುದು, ಮೂರನೆಯ ವರ್ಷಕ್ಕೇ ಮುಟ್ಟಿದರೆ ಅಂಟುತ್ತದೆ ಮತ್ತು ಹಪ್ಪಳದ ಹಾಗೆ ಚೂರು ಚೂರಾಗಿ ಸುಲಿಯುತ್ತಿದೆ.

ಮಲಗುವ ಕೋಣೆಯಲ್ಲಿ ರಾತ್ರಿ ಏಸಿ ಹಾಕುತ್ತೇವೆ, ಆದ್ದರಿಂದ ಮನೆಯಲ್ಲಿ ಅತಿ ಒಣಗಿದ ಜಾಗ ಅದೇ ಎಂದು ನಂಬಿ ಬ್ಯಾಗುಗಳನ್ನು ಅಲ್ಲಿಟ್ಟಿದ್ದೆ. ಪ್ರತಿಯೊಂದನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಒಳಗೆ ನುಸಿಗುಳಿಗೆ ಹಾಕಿದ್ದೆ. ಬೂಷ್ಟು ಕಂಡ ದಿನ ತಾಯಿಯ ಬ್ಯಾಗನ್ನು ಒದ್ದೆ ಬಟ್ಟೆಯಿಂದ ಒರೆಸಿ, ಚರ್ಮ ಒಣಗಿ ಬಿರುಕು ಬಿಡಬಾರದೆಂದು ತೆಂಗಿನೆಣ್ಣೆ ಹಚ್ಚಿದೆ. ನಾನು ಮಾಡಿದ್ದು ಸರಿಯೇ? ಏಸಿ ಕೋಣೆಯಲ್ಲೇ ಇಷ್ಟು ಬೂಷ್ಟು ಬಂದದ್ದು ಹೇಗೆ? ಮೂರರಲ್ಲಿ ಯಾವುದನ್ನು ಉಳಿಸಿಕೊಳ್ಳಬಹುದು? ಬೇರೆ ಎರಡು ಹೋದರೂ ಅಮ್ಮನ ಬ್ಯಾಗನ್ನು ಮಾತ್ರ ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಉತ್ತರ — ಉಡುಪಿ, ಬ್ಯಾಗು ರಿಪೇರಿ ಕೆಲಸದವರು

ನಾನು ಇಪ್ಪತ್ತೆರಡು ವರ್ಷಗಳಿಂದ ಉಡುಪಿಯಲ್ಲಿ ಬ್ಯಾಗು, ಸೂಟ್‌ಕೇಸುಗಳ ರಿಪೇರಿ ಮಾಡುತ್ತಿದ್ದೇನೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನನ್ನ ಬಳಿಗೆ ಬರುವವುಗಳಲ್ಲಿ ಹೊಲಿಗೆ ಬಿಟ್ಟ ಬ್ಯಾಗುಗಳಿಗಿಂತ ಬೂಷ್ಟು ಹಿಡಿದವೇ ಹೆಚ್ಚು. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಮೂರು ಬ್ಯಾಗುಗಳು ಮೂರು ಬೇರೆ ಬೇರೆ ವಸ್ತುಗಳಿಂದ ಮಾಡಿದವು. ಎಲ್ಲದಕ್ಕೂ ಒಂದೇ ಮದ್ದು ಹಚ್ಚುವುದರಿಂದಲೇ ಅರ್ಧ ಹಾನಿ ಆಗುತ್ತದೆ, ಆದ್ದರಿಂದ ಮೊದಲು ಯಾವುದು ಏನೆಂದು ಗುರುತಿಸಿಕೊಳ್ಳಿ.

ಗುರುತಿಸಲು ಬೆಂಕಿ ಹಚ್ಚಿ ನೋಡುವ ಅಗತ್ಯವಿಲ್ಲ. ಪಟ್ಟಿಯ ತುದಿಯನ್ನೋ ಒಳಗಿನ ಜೇಬಿನ ಬಳಿ ಕತ್ತರಿಸಿದ ಅಂಚನ್ನೋ ಬೆಳಕಿಗೆ ಹಿಡಿದು ನೋಡಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಕಂದು ಬಣ್ಣದ, ಎಳೆ ಎಳೆಯಾಗಿ ಹೆಣೆದುಕೊಂಡ ನಾರು ಕಂಡರೆ ಅದು ಸಾಮಾನ್ಯವಾಗಿ ತೊಗಟೆಯ ಒಗರಿನಿಂದ ಹದ ಮಾಡಿದ ಚರ್ಮ. ನಮ್ಮ ದಕ್ಷಿಣ ಭಾರತದಲ್ಲಿ ತಂಗಡಿ ಗಿಡದ ತೊಗಟೆ ಮತ್ತು ಅಳಲೆಕಾಯಿಯನ್ನು ಇದಕ್ಕೆ ಬಳಸುತ್ತಾ ಬಂದಿದ್ದಾರೆ. ನಡುವೆ ನೀಲಿ ಛಾಯೆಯ ಬೂದು ಪದರ ಕಂಡರೆ ಅದು ಕ್ರೋಮಿಯಂ ಲವಣದಿಂದ ಹದ ಮಾಡಿದ್ದು. ಈಗ ಮಾರುಕಟ್ಟೆಯಲ್ಲಿ ಸಿಗುವ ಬ್ಯಾಗುಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಹಿಂಬದಿಯಲ್ಲಿ ನೇಯ್ದ ಬಟ್ಟೆಯೂ ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ಕಿನ ಪೊರೆಯೂ ಕಂಡರೆ ಅದು ಚರ್ಮವೇ ಅಲ್ಲ.

ನಿಮ್ಮ ಕೆನೆ ಬಣ್ಣದ ಬ್ಯಾಗು ಈ ಕೊನೆಯ ಜಾತಿಗೆ ಸೇರಿದ್ದೆಂದು ನನಗೆ ಬಹುಮಟ್ಟಿಗೆ ಖಾತ್ರಿಯಿದೆ. ಬಟ್ಟೆಯ ಮೇಲೆ ಬಳಿದ ಪಾಲಿಯುರಿಥೇನ್ ಪದರವನ್ನು ಗಾಳಿಯಲ್ಲಿರುವ ನೀರಿನ ಅಂಶವೇ ಒಳಗಿನಿಂದ ಕಡಿಯುತ್ತಾ ಹೋಗುತ್ತದೆ. ಬಳಸಿದರೂ ಕಡಿಯುತ್ತದೆ, ಬಳಸದೆ ಪೆಟ್ಟಿಗೆಯಲ್ಲಿಟ್ಟರೂ ಕಡಿಯುತ್ತದೆ. ಸೆಕೆ ಮತ್ತು ತೇವ ಎರಡೂ ಇರುವ ನಮ್ಮ ಕರಾವಳಿಯಲ್ಲಿ ಬೇಗ ಕಡಿಯುತ್ತದೆ. ಅಂಟು ಬಂದ ಮೇಲೆ ಅದಕ್ಕೆ ಎಣ್ಣೆಯಾಗಲಿ ಪಾಲಿಶ್ ಆಗಲಿ ಉಪಯೋಗಕ್ಕೆ ಬರುವುದಿಲ್ಲ. ಇದು ನಿಮ್ಮ ಆರೈಕೆಯ ಲೋಪವಲ್ಲ, ಆ ವಸ್ತುವಿನ ಆಯುಸ್ಸೇ ಅಷ್ಟು. ಅದನ್ನು ಬೇರೆ ಬ್ಯಾಗುಗಳಿಂದ ದೂರವಿಡಿ, ಏಕೆಂದರೆ ಆ ಅಂಟು ಪಕ್ಕದ ಚರ್ಮಕ್ಕೂ ಹಿಡಿಯುತ್ತದೆ. ನನ್ನ ಬಳಿಗೆ ಇಂತಹ ಬ್ಯಾಗು ತಂದವರಿಂದ ನಾನು ಹಣ ತೆಗೆದುಕೊಳ್ಳುವುದಿಲ್ಲ, ಆಗದ ಕೆಲಸವನ್ನು ಆಗುತ್ತದೆ ಎಂದು ಹೇಳುವುದು ಸರಿಯಲ್ಲ.

ತಾಯಿಯವರ ಬ್ಯಾಗನ್ನು ಖಂಡಿತ ಉಳಿಸಬಹುದು. ಆದರೆ ತೆಂಗಿನೆಣ್ಣೆಯನ್ನು ದಯವಿಟ್ಟು ಇಂದಿನಿಂದಲೇ ನಿಲ್ಲಿಸಿ. ಎಣ್ಣೆ ಒಳಗಿಳಿದು ಚರ್ಮವನ್ನು ಶಾಶ್ವತವಾಗಿ ಕಪ್ಪಾಗಿಸುತ್ತದೆ, ಕ್ರಮೇಣ ಕಮಟು ವಾಸನೆ ಕೊಡುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಬೂಷ್ಟಿಗೆ ಅದೇ ಆಹಾರವಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಚರ್ಮ ಒಣಗಿ ಬಿರುಕು ಬಿಡುವ ಭಯವೇ ಇಲ್ಲ. ಆ ಭಯ ಬೇಕಾದದ್ದು ಡಿಸೆಂಬರ್, ಜನವರಿಯಲ್ಲಿ, ಅದೂ ಘಟ್ಟದ ಮೇಲಿನವರಿಗೆ.

ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಬ್ಯಾಗನ್ನು ಮನೆಯ ಹೊರಗೆ, ಜಗಲಿಗೋ ಬಾಲ್ಕನಿಗೋ ತನ್ನಿ. ಒಳಗೆ ಕೊಡವಿದರೆ ಬೂಷ್ಟಿನ ಬೀಜಕಣಗಳು ಫ್ಯಾನಿನ ಗಾಳಿಗೆ ಇಡೀ ಮನೆಗೆ ಹರಡುತ್ತವೆ. ಮೊದಲು ಒಣಗಿದ ಮೆತ್ತನೆಯ ಬ್ರಷ್ಷಿನಿಂದ ಒಂದೇ ದಿಕ್ಕಿನಲ್ಲಿ ಗುಡಿಸಿ. ನೀವು ಮಾಡಿದಂತೆ ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿದರೆ ಬೂಷ್ಟು ಚರ್ಮದ ರಂಧ್ರಗಳೊಳಗೆ ತಿಕ್ಕಿ ಹೋಗುತ್ತದೆ. ಬಳಿಕ ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲಿಗೆ ಅಷ್ಟೇ ನೀರು ಬೆರೆಸಿ, ಬಿಳಿ ಹತ್ತಿಬಟ್ಟೆಯನ್ನು ಅದರಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಬ್ಯಾಗಿನ ತಳದಲ್ಲಿ ಯಾರಿಗೂ ಕಾಣದ ಒಂದು ಮೂಲೆಯಲ್ಲಿ ಒರೆಸಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಹತ್ತದಿದ್ದರೆ ಉಳಿದ ಭಾಗವನ್ನು ಹಗುರಾಗಿ ಒರೆಸಿ, ಪ್ರತಿ ಸಲವೂ ಬಟ್ಟೆಯ ಹೊಸ ಮಗ್ಗುಲನ್ನು ಬಳಸಿ. ಹೊಲಿಗೆಯ ಸಾಲಿಗೆ ಕಿವಿಗೆ ಹಾಕುವ ಹತ್ತಿಕಡ್ಡಿ ಸಾಕು. ಆಮೇಲೆ ಫ್ಯಾನಿನ ಕೆಳಗೆ, ನೆರಳಿನಲ್ಲಿ, ಬಾಯಿ ತೆರೆದಿಟ್ಟು ಎರಡು ದಿನ ಬಿಡಿ. ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೆಯುತ್ತದೆ ಎಂದು ನಮ್ಮ ತುಳುವಿನಲ್ಲಿ ಹೇಳುತ್ತಾರಲ್ಲ, ನಡುನಡುವೆ ಬೀಳುವ ಆ ಚುರುಕು ಬಿಸಿಲಿಗೆ ಒದ್ದೆ ಚರ್ಮವನ್ನು ಎಂದಿಗೂ ಇಡಬಾರದು. ಹೇರ್ ಡ್ರೈಯರಿನ ಬಿಸಿಯೂ ಬೇಡ. ಒದ್ದೆಯಿದ್ದಾಗ ಜೋರು ಬಿಸಿ ತಾಗಿದರೆ ಚರ್ಮದ ನಾರು ಕುಗ್ಗಿ ಕಟ್ಟಿಗೆಯಂತೆ ಗಟ್ಟಿಯಾಗುತ್ತದೆ, ಮತ್ತೆ ಮೊದಲಿನಂತೆ ಆಗುವುದಿಲ್ಲ.

ಹಿತ್ತಾಳೆಯ ಸುತ್ತಲಿನ ಹಸಿರು ಗಸಿ ಬೂಷ್ಟಲ್ಲ. ಚರ್ಮದಲ್ಲಿರುವ ಕೊಬ್ಬು ಹಿತ್ತಾಳೆಯೊಳಗಿನ ತಾಮ್ರದೊಂದಿಗೆ ಸೇರಿ ಆಗುವ ಕಿಲುಬು ಅದು. ಹಲ್ಲುಕಡ್ಡಿಯ ಮೊನೆಯನ್ನು ಸ್ವಲ್ಪ ಜಜ್ಜಿ ಮೊಂಡಾಗಿಸಿ, ಗುಂಡಿಯ ಅಂಚಿನ ಸುತ್ತ ನಿಧಾನವಾಗಿ ಎಬ್ಬಿಸಿದರೆ ಮೇಣದ ಸುರುಳಿಯಂತೆ ಮೇಲೆ ಬರುತ್ತದೆ. ಪ್ರತಿ ಸುರುಳಿಯನ್ನೂ ಒಣ ಬಟ್ಟೆಗೆ ಒರೆಸಿಕೊಳ್ಳುತ್ತಾ ಹೋಗಿ, ಚರ್ಮದ ಮೇಲೆ ಬಿದ್ದರೆ ಹಸಿರು ಕಲೆಯಾಗುತ್ತದೆ. ಹುಣಸೆಹುಳಿ, ಲಿಂಬೆ ಅಥವಾ ಪಾತ್ರೆ ಬೆಳಗುವ ಪುಡಿಯನ್ನು ಅದರ ಹತ್ತಿರವೂ ತರಬೇಡಿ. ಮೈಸೋಪೂ ಬೇಡ, ಏಕೆಂದರೆ ಹದ ಮಾಡಿದ ಚರ್ಮ ಸ್ವಭಾವತಃ ಸ್ವಲ್ಪ ಆಮ್ಲೀಯವಾಗಿರುತ್ತದೆ, ಸೋಪಿನ ಕ್ಷಾರ ಅದಕ್ಕೆ ಒಗ್ಗುವುದಿಲ್ಲ. ಹಿಡಿಕೆಯ ಮೇಲಿನ ಆ ಕಪ್ಪು ಗುರುತನ್ನು ಕೊಳೆ ಎಂದು ಯಾರಾದರೂ ತೆಗೆಯಲು ಹೊರಟರೆ ಒಪ್ಪಬೇಡಿ. ಒಗರಿನ ಚರ್ಮವು ಕೈಯ ಬೆವರು ಮತ್ತು ಬೆಳಕಿಗೆ ಹಾಗೆ ಮಾಗುತ್ತದೆ, ಅದು ಬ್ಯಾಗಿನದೇ ಭಾಗ.

ದುಬೈಯ ಬ್ಯಾಗಿನ ಕೆಲಸ ಸುಲಭ. ಒಳಗಿನ ಬಟ್ಟೆಯನ್ನು ಹೊರಕ್ಕೆ ಎಳೆದು, ಅದೇ ಆಲ್ಕೊಹಾಲ್ ನೀರಿನಿಂದ ಒರೆಸಿ, ಹೊರಗೆಳೆದ ಸ್ಥಿತಿಯಲ್ಲಿಯೇ ಒಣಗಿಸಿ.

ಮುಂದೆ ಇಡುವಾಗ ಪ್ಲಾಸ್ಟಿಕ್ ಕವರು ಬೇಡವೇ ಬೇಡ. ಹಳೆಯ ಹತ್ತಿ ಪಂಚೆಯನ್ನು ತೊಳೆದು ಒಣಗಿಸಿ ಹರಿದು, ಬ್ಯಾಗಿನ ಆಕಾರ ನಿಲ್ಲುವಷ್ಟು ಮಾತ್ರ ಒಳಗೆ ತುಂಬಿ. ವರ್ತಮಾನ ಪತ್ರಿಕೆಯ ಶಾಯಿ ಒಳಗಿನ ಬಟ್ಟೆಗೆ ಹತ್ತುತ್ತದೆ. ಹಿಡಿಕೆಯಿಂದ ನೇತು ಹಾಕಿದರೆ ಬುಡದ ಹೊಲಿಗೆ ಎಳೆದು ಸಡಿಲವಾಗುತ್ತದೆ, ಆದ್ದರಿಂದ ನೆಟ್ಟಗೆ ನಿಲ್ಲಿಸಿ, ಒಂದಕ್ಕೊಂದು ತಾಗದಂತೆ ಇಡಿ. ನುಸಿಗುಳಿಗೆ ಕೀಟಕ್ಕೆ ಹಾಕುವ ವಸ್ತು. ಗಾಳಿಯ ತೇವವನ್ನು ಅದು ಹೀರುವುದಿಲ್ಲ, ಅದರ ವಾಸನೆ ಮಾತ್ರ ಚರ್ಮದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಉತ್ತರ — ಸುರತ್ಕಲ್

ಮೇಲಿನ ಉತ್ತರದಲ್ಲಿ ಚರ್ಮದ ವಿಷಯ ಪೂರ್ಣವಾಗಿ ಬಂದಿದೆ. ನಾನು ಶೈತ್ಯೀಕರಣ ಯಂತ್ರಗಳ ವಿಷಯವನ್ನು ಕಲಿಸುವವನಾದ್ದರಿಂದ ‘ಏಸಿ ಕೋಣೆಯಲ್ಲೇ ಬೂಷ್ಟು ಬಂದದ್ದು ಹೇಗೆ’ ಎಂಬ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ನಮ್ಮ ಊರಿನ ಅನೇಕ ಮನೆಗಳಲ್ಲಿ ಇದೇ ತಪ್ಪು ತಿಳಿವಳಿಕೆಯಿಂದ ಬ್ಯಾಗುಗಳಷ್ಟೇ ಅಲ್ಲ, ಕ್ಯಾಮೆರಾ ಲೆನ್ಸುಗಳೂ ರೇಷ್ಮೆ ಸೀರೆಗಳೂ ಹಾಳಾಗುತ್ತಿವೆ.

ಜುಲೈ ತಿಂಗಳ ಒಂದು ಸಾಮಾನ್ಯ ಮಂಗಳೂರು ದಿನವನ್ನು ತೆಗೆದುಕೊಳ್ಳೋಣ: ಉಷ್ಣತೆ 28 ಡಿಗ್ರಿ, ಸಾಪೇಕ್ಷ ಆರ್ದ್ರತೆ (ಆ ಉಷ್ಣತೆಯ ಗಾಳಿ ಹಿಡಿದಿಡಬಲ್ಲ ನೀರಿನಲ್ಲಿ ಈಗ ಇರುವ ಪಾಲು) ಶೇಕಡಾ 90. ಅಂತಹ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 24 ಗ್ರಾಂ ನೀರು ಆವಿಯಾಗಿ ಇರುತ್ತದೆ. ಆದರೆ 24 ಡಿಗ್ರಿಯ ಗಾಳಿಯು ತನ್ನಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ನೀರು ಹೆಚ್ಚೆಂದರೆ 22 ಗ್ರಾಂ. ನೀವು ರಾತ್ರಿಯಿಡೀ ಏಸಿ ಹಾಕಿ ಕೋಣೆಯನ್ನೂ ಕಪಾಟನ್ನೂ ಅದರೊಳಗಿನ ಬ್ಯಾಗುಗಳನ್ನೂ 24 ಡಿಗ್ರಿಗೆ ತಣಿಸಿದ್ದೀರಿ. ಬೆಳಿಗ್ಗೆ ಏಸಿ ಆರಿಸಿ, ಗಾಳಿ ಆಡಲೆಂದು ಕಿಟಕಿ ತೆರೆಯುತ್ತೀರಿ. ಹೊರಗಿನ ಗಾಳಿ ಒಳನುಗ್ಗಿ, ಇನ್ನೂ ತಣ್ಣಗಿರುವ ಚರ್ಮವನ್ನು ತಾಗುತ್ತದೆ, ತಾಗಿದ ಕೂಡಲೇ ಹಿಡಿಸಲಾರದ ನೀರನ್ನು ಅಲ್ಲಿಯೇ ಇಳಿಸಿಬಿಡುತ್ತದೆ. ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯ ಮೈ ಬೆವರುವುದು ಇದೇ ಕಾರಣಕ್ಕೆ. ಬಾಟಲಿಯ ನೀರು ಕಣ್ಣಿಗೆ ಕಾಣುತ್ತದೆ. ಚರ್ಮ ಅದನ್ನು ಹೀರಿಕೊಳ್ಳುವುದರಿಂದ ಕಾಣುವುದಿಲ್ಲ. ನಿಮ್ಮ ಬ್ಯಾಗುಗಳಿಗೆ ದಿನಕ್ಕೊಂದು ಸಲ ಹೀಗೆ ಇಬ್ಬನಿ ಬಿದ್ದಿದೆ, ಅದರ ಮೇಲೆ ಪ್ಲಾಸ್ಟಿಕ್ ಕವರು ಆ ನೀರನ್ನು ಹೊರಹೋಗಲು ಬಿಟ್ಟಿಲ್ಲ.

ಸಾಪೇಕ್ಷ ಆರ್ದ್ರತೆ ಶೇಕಡಾ 65–70ಕ್ಕಿಂತ ಮೇಲೆ ಕೆಲವು ದಿನ ನಿಂತರೆ ಬೂಷ್ಟು ಮೊಳೆಯಲು ಆರಂಭಿಸುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಚರ್ಮದ ವಸ್ತುಗಳನ್ನು ಸಾಮಾನ್ಯವಾಗಿ ಶೇಕಡಾ 50ರ ಆಸುಪಾಸಿನಲ್ಲಿ ಇಡುತ್ತಾರೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಗಾಳಿ ಆ ಮಟ್ಟಕ್ಕೆ ಇಳಿಯುವುದು ಅಪರೂಪ. ಆದ್ದರಿಂದ ಕೆಲವು ನೂರು ರೂಪಾಯಿಗೆ ಸಿಗುವ ಒಂದು ಡಿಜಿಟಲ್ ಹೈಗ್ರೋಮೀಟರನ್ನು, ಅಂದರೆ ಗಾಳಿಯ ತೇವ ಅಳೆಯುವ ಸಾಧನವನ್ನು, ಕೊಂಡು ಕಪಾಟಿನೊಳಗೇ ಇಡಿ. ಅದು ತೋರಿಸುವ ಅಂಕಿಯೇ ನಿಮಗೆ ದಾರಿ ಹೇಳುತ್ತದೆ.

ಏಸಿಯನ್ನು ಬಳಸುವುದಾದರೆ ಹೀಗೆ ಬಳಸಬೇಕು. ಏಸಿ ಓಡುತ್ತಿರುವಾಗ ಕಪಾಟಿನ ಬಾಗಿಲನ್ನು ಎರಡು ಗಂಟೆ ತೆರೆದಿಡಿ, ಕೋಣೆಯ ಒಣಗಾಳಿ ಬ್ಯಾಗುಗಳ ತೇವವನ್ನು ಎಳೆದುಕೊಳ್ಳುತ್ತದೆ. ಏಸಿ ಆರಿಸುವ ಮೊದಲು ಬಾಗಿಲನ್ನು ಭದ್ರವಾಗಿ ಮುಚ್ಚಿ, ಕಿಟಕಿ ತೆರೆದ ಮೇಲೆ ಕನಿಷ್ಠ ಎರಡು ಗಂಟೆ ಅದನ್ನು ತೆರೆಯಬೇಡಿ. ಹೊರಗೆ ಒಯ್ಯುವ ಬ್ಯಾಗನ್ನು ಏಸಿ ಕೋಣೆಯಿಂದ ನೇರವಾಗಿ ಮಳೆಗಾಳಿಗೆ ತಾರದೆ, ಬಟ್ಟೆಯ ಚೀಲದಲ್ಲಿ ಸುತ್ತಿ ಅರ್ಧ ಗಂಟೆ ಹೊರಕೋಣೆಯಲ್ಲಿಟ್ಟು ಆಮೇಲೆ ಬಿಚ್ಚಿ. ಇನ್ನೊಂದು ಮಾತು: ನಿಮ್ಮ ಕಪಾಟು ಪಶ್ಚಿಮದ ಅಥವಾ ನೈಋತ್ಯದ ಹೊರಗೋಡೆಗೆ ಅಂಟಿಕೊಂಡಿದೆಯೇ ನೋಡಿ. ಸಮುದ್ರದಿಂದ ಬೀಸುವ ಮಳೆ ಆ ಗೋಡೆಗೇ ಬಡಿಯುತ್ತದೆ, ಕಪಾಟಿನ ಹಿಂಬದಿಯ ಪ್ಲೈವುಡ್ಡು ಗೋಡೆಯ ಪಸೆಯನ್ನು ನೇರವಾಗಿ ಕುಡಿಯುತ್ತದೆ. ಗೋಡೆಗೂ ಕಪಾಟಿಗೂ ನಡುವೆ ಎರಡು ಇಂಚು ಜಾಗವಿದ್ದರೂ ಬಹಳ ವ್ಯತ್ಯಾಸವಾಗುತ್ತದೆ.

ಪ್ಲಾಸ್ಟಿಕ್ ‘ಬೇಡವೇ ಬೇಡ’ ಎಂಬ ಮಾತಿಗೆ ಮಾತ್ರ ನನ್ನ ಸಣ್ಣ ತಿದ್ದುಪಡಿ ಇದೆ. ತೇವವಿರುವ ಬ್ಯಾಗನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತುವುದು ಖಂಡಿತ ತಪ್ಪು. ಆದರೆ ಚೆನ್ನಾಗಿ ಒಣಗಿದ ಬ್ಯಾಗನ್ನು ರಬ್ಬರ್ ಅಂಚಿನ, ಗಾಳಿಯಾಡದ ಮುಚ್ಚಳದ ಡಬ್ಬದಲ್ಲಿ ಸಾಕಷ್ಟು ಸಿಲಿಕಾ ಜೆಲ್ ಸಹಿತ ಇಡುವುದು ಇಲ್ಲಿನ ಹವೆಗೆ ಅತ್ಯಂತ ಭರವಸೆಯ ಉಪಾಯ. ‘ಸಾಕಷ್ಟು’ ಎಂಬುದು ಇಲ್ಲಿ ಮುಖ್ಯವಾದ ಪದ. ಷೂ ಪೆಟ್ಟಿಗೆಯಲ್ಲಿ ಬರುವ ಐದು ಗ್ರಾಂ ಪೊಟ್ಟಣವು ತನ್ನ ತೂಕದ ಮೂರನೆಯ ಒಂದು ಭಾಗದಷ್ಟು, ಅಂದರೆ ಒಂದೂವರೆ ಗ್ರಾಂ ಆಸುಪಾಸಿನ ನೀರನ್ನು ಮಾತ್ರ ಹೀರುತ್ತದೆ. ಮುಕ್ಕಾಲು ಕಿಲೋ ತೂಗುವ ಬ್ಯಾಗಿನ ಚರ್ಮದೊಳಗೆ ಮಳೆಗಾಲದಲ್ಲಿ ನೂರು ಗ್ರಾಮಿಗೂ ಹೆಚ್ಚು ನೀರು ಸೇರಿರಬಹುದು. ಹೀಗಾಗಿ ಮೊದಲು ಏಸಿ ಕೋಣೆಯಲ್ಲಿ ಎರಡು ಮೂರು ದಿನ ಬ್ಯಾಗನ್ನು ಒಣಗಿಸಿ, ಬಳಿಕ ಡಬ್ಬಕ್ಕೆ ಕನಿಷ್ಠ 200 ಗ್ರಾಂ ಜೆಲ್ಲನ್ನು ಹತ್ತಿಬಟ್ಟೆಯ ಗಂಟಿನಲ್ಲಿ ಕಟ್ಟಿ ಹಾಕಿ. ಕಿತ್ತಳೆ ಬಣ್ಣದಿಂದ ಹಸಿರಿಗೆ ತಿರುಗುವ ಜೆಲ್ಲನ್ನೇ ಕೊಳ್ಳಿ; ನೀಲಿಯಿಂದ ಗುಲಾಬಿಗೆ ತಿರುಗುವುದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳಿರುವ ಮನೆಗೆ ಅದು ಬೇಡ. ಹಸಿರಾದ ಜೆಲ್ಲನ್ನು ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಸುಮಾರು ಎರಡು ಗಂಟೆ ಕಾಯಿಸಿದರೆ ಪುನಃ ಕಿತ್ತಳೆಯಾಗುತ್ತದೆ. ತಿಂಗಳಿಗೊಮ್ಮೆ ಡಬ್ಬ ತೆರೆದು ಬಣ್ಣ ನೋಡುವಷ್ಟು ವ್ಯವಧಾನ ಇಲ್ಲದವರು ಈ ದಾರಿಗೆ ಇಳಿಯಬಾರದು, ಅಂತಹವರಿಗೆ ಬಟ್ಟೆಯ ಚೀಲ ಮತ್ತು ಫ್ಯಾನಿನ ಗಾಳಿಯೇ ಕ್ಷೇಮ.

ಉತ್ತರ — ಮಣಿಪಾಲ

ಒಂದು ಎಚ್ಚರಿಕೆಯನ್ನು ಸೇರಿಸಲೇಬೇಕು. ಸೂಪರ್ ಮಾರ್ಕೆಟ್ಟುಗಳಲ್ಲಿ ಸಿಗುವ, ತೇವ ಹೀರಿ ಕೆಳಗಿನ ಭಾಗದಲ್ಲಿ ನೀರು ತುಂಬಿಕೊಳ್ಳುವ ಡಬ್ಬಗಳನ್ನು ಬ್ಯಾಗುಗಳ ಮೇಲ್ಭಾಗದಲ್ಲಿ ಇಡಬೇಡಿ, ತೂಗುಹಾಕಲೂ ಬೇಡಿ. ಅವುಗಳಲ್ಲಿ ಸಾಮಾನ್ಯವಾಗಿ ಇರುವುದು ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಲವಣ. ತುಂಬಿಕೊಳ್ಳುವುದು ಬರಿಯ ನೀರಲ್ಲ, ಗಾಢವಾದ ಉಪ್ಪುನೀರು. ಎರಡು ವರ್ಷಗಳ ಹಿಂದೆ ನನ್ನ ಕಪಾಟಿನಲ್ಲಿ ಅಂತಹ ಒಂದು ಡಬ್ಬ ವಾಲಿ, ಕೆಳಗಿನ ಹಲಗೆಯ ಮೇಲಿದ್ದ ಬ್ಯಾಗಿನ ಮುಚ್ಚಳದ ಮೇಲೆ ಅಂಗೈಯಗಲ ಸೋರಿತ್ತು. ಒರೆಸಿದೆ, ಒಣಗುವುದೆಂದು ಕಾದೆ. ಒಣಗಲೇ ಇಲ್ಲ, ಏಕೆಂದರೆ ಆ ಲವಣವು ಗಾಳಿಯಿಂದ ಮತ್ತೆ ಮತ್ತೆ ನೀರನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ವಾರದೊಳಗೆ ಆ ಭಾಗ ಮುದುಡಿ, ಒಣಗಿದ ಸೌತೆಕಾಯಿ ಸಿಪ್ಪೆಯಂತೆ ಗಟ್ಟಿಯಾಯಿತು. ಸರಿಪಡಿಸಲು ಯಾರಿಂದಲೂ ಆಗಲಿಲ್ಲ. ಡಬ್ಬ ಬಳಸುವುದೇ ಆದರೆ ಕಪಾಟಿನ ಅತಿ ಕೆಳಗಿನ ಹಲಗೆಯ ಮೇಲೆ, ಅಗಲವಾದ ಸ್ಟೀಲಿನ ತಟ್ಟೆಯೊಳಗೆ ಇಟ್ಟು, ವಾರಕ್ಕೊಮ್ಮೆ ನೋಡಿ.

ಉತ್ತರ — ಬ್ರಹ್ಮಾವರ

ಅಜ್ಜಿ ಮನೆಯ ಅಟ್ಟದಲ್ಲಿ ಬ್ಯಾಗು ಇಪ್ಪತ್ತು ವರ್ಷ ಕೆಡದೆ ಉಳಿದದ್ದರ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಹೇಳುತ್ತೇನೆ. ನಮ್ಮದು ಯಕ್ಷಗಾನದ ಮದ್ದಳೆ ನುಡಿಸುವವರ ಮನೆ. ಪತ್ತನಾಜೆಗೆ, ಅಂದರೆ ಮೇ 24, 25ರ ಸುಮಾರಿಗೆ, ಮೇಳಗಳ ತಿರುಗಾಟ ಮುಗಿದ ಮೇಲೆ ದೀಪಾವಳಿ ಕಳೆಯುವವರೆಗೆ ಮದ್ದಳೆಯನ್ನು ಕಾಪಾಡುವುದು ನಮ್ಮ ಹಿರಿಯರಿಗೆ ದೊಡ್ಡ ಚಿಂತೆಯಾಗಿತ್ತು. ಮದ್ದಳೆಯ ಮುಚ್ಚಿಗೆಗೆ ಹಾಕುವುದು ಬ್ಯಾಗಿನಂತೆ ಹದ ಮಾಡಿದ ಚರ್ಮವಲ್ಲ, ಅದು ಹಸಿ ಚರ್ಮ. ತೇವಕ್ಕೆ ಇನ್ನೂ ಬೇಗ ಸಡಿಲವಾಗುತ್ತದೆ, ಶ್ರುತಿ ನಿಲ್ಲುವುದಿಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಕಟ್ಟಿಗೆ ಒಲೆ ದಿನಕ್ಕೆ ಎರಡು ಹೊತ್ತು ಉರಿಯುತ್ತಿತ್ತು. ಅದರ ಶಾಖ ಅಟ್ಟದ ಗಾಳಿಯನ್ನು ಒಣಗಿಸುತ್ತಿತ್ತು, ಹೊಗೆಯಲ್ಲಿರುವ ಅಂಶಗಳು ಬೂಷ್ಟು ಬೆಳೆಯದಂತೆ ತಡೆಯುತ್ತಿದ್ದವು, ಹೆಂಚುಗಳ ಸಂದಿನಿಂದ ಗಾಳಿ ಸದಾ ಆಡುತ್ತಿತ್ತು. ತಾರಸಿ ಮನೆ ಕಟ್ಟಿ ಗ್ಯಾಸ್ ಒಲೆ ಬಂದ ಮೊದಲ ಮಳೆಗಾಲದಲ್ಲಿಯೇ ನಮ್ಮ ಎರಡು ಮದ್ದಳೆಗಳಿಗೆ ಬೂಷ್ಟು ಹಿಡಿಯಿತು. ಕಾರ್ಕಳದ ಮನೆಯಲ್ಲಿಯೂ ಒಲೆ ಉರಿಯುತ್ತಿದ್ದಷ್ಟು ಕಾಲ ಆ ಪೆಟ್ಟಿಗೆ ಬೆಚ್ಚಗೆ ಇದ್ದಿರಬೇಕು.

ಉತ್ತರ — ಸುರತ್ಕಲ್

ಬ್ರಹ್ಮಾವರದವರ ಮಾತು ಲೆಕ್ಕಕ್ಕೂ ಸರಿಹೊಂದುತ್ತದೆ. 28 ಡಿಗ್ರಿಯಲ್ಲಿ ಶೇಕಡಾ 90ರಷ್ಟು ತೇವವಿರುವ ಗಾಳಿಯನ್ನು ಬರಿಯ ಐದು ಡಿಗ್ರಿ ಬೆಚ್ಚಗಾಗಿಸಿ 33ಕ್ಕೆ ತಂದರೆ, ಒಂದು ಹನಿ ನೀರನ್ನೂ ತೆಗೆಯದೆಯೇ ಅದರ ಸಾಪೇಕ್ಷ ಆರ್ದ್ರತೆ ಶೇಕಡಾ 68ರ ಹತ್ತಿರಕ್ಕೆ ಇಳಿಯುತ್ತದೆ. ನಮ್ಮೂರಿನ ಹಳೆಯ ಕಪಾಟುಗಳಲ್ಲಿ ಸಣ್ಣ ಬಲ್ಬು ಉರಿಸಿಡುತ್ತಿದ್ದುದು ಇದೇ ಉದ್ದೇಶಕ್ಕೆ. ಈಗಿನ ಎಲ್‌ಇಡಿ ಬಲ್ಬು ಅಷ್ಟು ಶಾಖ ಕೊಡುವುದಿಲ್ಲ, ಹಳೆಯ ತಂತಿ ಬಲ್ಬನ್ನು ಬಟ್ಟೆಗಳ ನಡುವೆ ಉರಿಸಿಡುವುದು ಬೆಂಕಿಯ ಅಪಾಯ. ಆದ್ದರಿಂದ ಅದನ್ನು ಅನುಸರಿಸಿ ಎಂದು ನಾನು ಹೇಳಲಾರೆ.

ಮತ್ತೆ ಪ್ರಶ್ನೆ — ಬಿಜೈ, ಮಂಗಳೂರು

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಕಪಾಟು ಪಶ್ಚಿಮದ ಗೋಡೆಗೇ ಅಂಟಿಕೊಂಡಿತ್ತು. ಹಿಂದಕ್ಕೆ ಕೈ ಹಾಕಿ ನೋಡಿದರೆ ಪ್ಲೈವುಡ್ಡು ತಣ್ಣಗೆ, ಒದ್ದೆಯಾಗಿತ್ತು. ಅದನ್ನು ಎದುರಿನ ಒಳಗೋಡೆಗೆ ಸರಿಸಿದ್ದೇವೆ. ಹೈಗ್ರೋಮೀಟರ್ ಮೊದಲ ದಿನ ಕಪಾಟಿನೊಳಗೆ 86 ತೋರಿಸಿತು, ಈಗ 63ರಿಂದ 66ರ ನಡುವೆ ಇದೆ. ಕೆನೆ ಬಣ್ಣದ ಬ್ಯಾಗಿನ ಪಟ್ಟಿಯ ತುದಿಯನ್ನು ನೋಡಿದೆ, ಒಳಗೆ ನೇಯ್ದ ಬಟ್ಟೆಯೇ ಇತ್ತು; ಅದನ್ನು ಬಿಟ್ಟುಬಿಟ್ಟೆ. ಕಪ್ಪು ಬ್ಯಾಗು ಸಂಪೂರ್ಣ ಸರಿಯಾಗಿದೆ.

ಆದರೆ ಅಮ್ಮನ ಬ್ಯಾಗಿನ ಬಗ್ಗೆ ಪುನಃ ಆತಂಕವಾಗಿದೆ. ಹೇಳಿದಂತೆ ಗುಡಿಸಿ ಒರೆಸಿ ಎರಡು ದಿನ ಒಣಗಿಸಿದಾಗ ಬೂಷ್ಟು ಪೂರ್ತಿ ಹೋಗಿತ್ತು. ಏಸಿ ಕೋಣೆಯಲ್ಲಿ ಒಂದು ರಾತ್ರಿ ಇಟ್ಟು ಬೆಳಿಗ್ಗೆ ನೋಡಿದರೆ ಮುಂಭಾಗದ ಮೇಲೆಲ್ಲ ತೆಳುವಾದ ಬಿಳಿ ಪೊರೆ ಮತ್ತೆ ಬಂದಿದೆ. ಈ ಸಲ ವೃತ್ತಗಳಿಲ್ಲ, ವಾಸನೆಯೂ ಇಲ್ಲ, ಪೌಡರ್ ಸವರಿದಂತೆ ಸಮನಾಗಿ ಹರಡಿದೆ. ಇದು ಬೂಷ್ಟೇ ಆಗಿದ್ದರೆ ಒಂದು ರಾತ್ರಿಯಲ್ಲಿ ಇಷ್ಟು ಬೆಳೆಯಬಹುದೇ?

ಉತ್ತರ — ಉಡುಪಿ, ಬ್ಯಾಗು ರಿಪೇರಿ ಕೆಲಸದವರು

ಗಾಬರಿಯಾಗಬೇಡಿ. ಅದು ಬೂಷ್ಟಲ್ಲ, ನೀವು ಹಚ್ಚಿದ ತೆಂಗಿನೆಣ್ಣೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಳಿಗ್ಗೆ ಬಾಟಲಿಯೊಳಗೆ ಬೆಳ್ಳಗೆ ಗಟ್ಟಿಯಾಗುವುದನ್ನು ನೀವು ನೋಡಿರುತ್ತೀರಿ. ಚರ್ಮದೊಳಗೆ ಇಳಿದ ಎಣ್ಣೆ ನಿಮ್ಮ ಏಸಿಯ ತಂಪಿಗೆ ಮೇಲ್ಮೈಗೆ ಬಂದು ಅದೇ ರೀತಿ ಹೆಪ್ಪುಗಟ್ಟಿದೆ. ಎಣ್ಣೆ ಹಚ್ಚದ ಬ್ಯಾಗುಗಳಲ್ಲಿಯೂ ಹದ ಮಾಡುವಾಗ ತುಂಬಿದ ಕೊಬ್ಬು ಕೆಲವೊಮ್ಮೆ ಹೀಗೆ ಹೊರಬರುವುದುಂಟು. ಅದನ್ನು ಬೂಷ್ಟೆಂದು ತಿಳಿದು ಜನರು ಆಲ್ಕೊಹಾಲಿನಿಂದ ಮತ್ತೆ ಮತ್ತೆ ಒರೆಸಿ ಬಣ್ಣವನ್ನೇ ಕಳೆದುಕೊಳ್ಳುತ್ತಾರೆ.

ಪರೀಕ್ಷಿಸುವುದು ಸುಲಭ. ಬ್ಯಾಗನ್ನು ಏಸಿ ಇಲ್ಲದ ಕೋಣೆಗೆ ತಂದು, ಆ ಬಿಳಿ ಪೊರೆಯ ಮೇಲೆ ಅಂಗೈಯನ್ನು ಒತ್ತಿ ಹಿಡಿದು ನಿಧಾನವಾಗಿ ನೂರು ಎಣಿಸಿ. ಕೈ ತೆಗೆದಾಗ ಅಂಗೈಯ ಆಕಾರದಲ್ಲಿ ಬಿಳುಪು ಮಾಯವಾಗಿ ಚರ್ಮದ ಬಣ್ಣ ಕಂಡರೆ ಅದು ಕೊಬ್ಬು. ಬೂಷ್ಟಾಗಿದ್ದರೆ ಶಾಖಕ್ಕೆ ಕರಗುವುದಿಲ್ಲ, ಉಜ್ಜಿದರೆ ಮಾತ್ರ ಹೋಗುತ್ತದೆ. ಕೊಬ್ಬೆಂದು ಖಾತ್ರಿಯಾದ ಮೇಲೆ ಬಿಳಿ ಟಿಶ್ಯೂ ಕಾಗದವನ್ನು ಎರಡು ಮಡಿಕೆ ಮಾಡಿ ಚರ್ಮದ ಮೇಲೆ ಹಾಸಿ, ಅದರ ಮೇಲೆ ಅಂಗೈಯಿಟ್ಟು ಅದೇ ರೀತಿ ಒತ್ತಿ. ಕರಗಿದ ಎಣ್ಣೆ ಕಾಗದಕ್ಕೆ ಏರುತ್ತದೆ, ಕಾಗದ ಪಾರದರ್ಶಕವಾಗುತ್ತದೆ. ಕಾಗದ ಬದಲಿಸುತ್ತಾ ದಿನಕ್ಕೆ ಹತ್ತು ನಿಮಿಷದಂತೆ ಒಂದು ವಾರ ಮಾಡಿ. ಒಂದೇ ದಿನದಲ್ಲಿ ಮುಗಿಸುವ ಅವಸರ ಬೇಡ, ಇಸ್ತ್ರಿ ಪೆಟ್ಟಿಗೆಯನ್ನಂತೂ ಬಳಸಲೇಬೇಡಿ.

ಡಬ್ಬದ ವಿಷಯದಲ್ಲಿ ಸುರತ್ಕಲ್ಲಿನವರ ತಿದ್ದುಪಡಿಯನ್ನು ನಾನು ಒಪ್ಪುತ್ತೇನೆ, ಕಪ್ಪು ಬ್ಯಾಗಿಗೆ ಅದು ಸರಿಯಾಗುತ್ತದೆ. ತಾಯಿಯವರ ಬ್ಯಾಗನ್ನು ಮಾತ್ರ ಡಬ್ಬಕ್ಕೆ ಹಾಕದೆ, ಮಳೆ ಇಲ್ಲದ ದಿನಗಳಲ್ಲಿ ವಾರಕ್ಕೆ ಒಂದು ಸಲವಾದರೂ ಕೈಯಲ್ಲಿ ಹಿಡಿದು ಹೊರಗೆ ಹೋಗಿ. ಒಗರಿನ ಚರ್ಮ ಕೈಯಲ್ಲಿ ಓಡಾಡಿದಷ್ಟೂ ಚೆನ್ನಾಗಿರುತ್ತದೆ, ಬೂಷ್ಟು ಮೊಳೆಯುವ ಮೊದಲೇ ನಿಮ್ಮ ಕಣ್ಣಿಗೂ ಬೀಳುತ್ತದೆ. ಅಕಸ್ಮಾತ್ ಮಳೆಗೆ ನೆನೆದರೆ ಉಜ್ಜದೆ ಒತ್ತಿ ಒತ್ತಿ ನೀರು ತೆಗೆದು, ಒಳಗೆ ಒಣಬಟ್ಟೆ ತುಂಬಿ, ಮೂರು ನಾಲ್ಕು ಗಂಟೆಗೊಮ್ಮೆ ಬಟ್ಟೆ ಬದಲಿಸುತ್ತಾ ನೆರಳಿನಲ್ಲಿ ಒಣಗಿಸಿ. ಬಣ್ಣವಿಲ್ಲದ ಲೆದರ್ ಕ್ರೀಮನ್ನು ದೀಪಾವಳಿಯ ಬಳಿಕ, ಹವೆ ಒಣಗಿದ ಮೇಲೆ ವರ್ಷಕ್ಕೊಂದು ಸಲ, ಇಡೀ ಬ್ಯಾಗಿಗೆ ಎರಡು ಕಡಲೆಕಾಳಿನಷ್ಟು ಮಾತ್ರ ಹಚ್ಚಿ. ಎಣ್ಣೆ ಪೂರ್ತಿ ಹೋದ ಮೇಲೆಯೂ ಹಿತ್ತಾಳೆಯ ಗುಂಡಿಗಳ ಬುಡದಲ್ಲಿ ಹಸಿರು ಗಸಿ ಮತ್ತೆ ಕಾಣಿಸಿಕೊಂಡರೆ ಬ್ಯಾಗನ್ನು ಉಡುಪಿಗೆ ತನ್ನಿ. ಗುಂಡಿಗಳನ್ನು ಬಿಚ್ಚಿ, ಅಡಿಯಲ್ಲಿ ತೆಳುವಾದ ಪಾಲಿಯೆಸ್ಟರ್ ಹಾಳೆಯ ಬಿಲ್ಲೆ ಕೊಟ್ಟು, ಅವೇ ಗುಂಡಿಗಳನ್ನು ಅವೇ ತೂತುಗಳಲ್ಲಿ ಕೂರಿಸಿ ಕೊಡುತ್ತೇನೆ.